ನಟನ ಮುಖದ ಮೇಲಿನ ಬೊಬ್ಬೆಗಳು

"ಬಾಯಿಗೆ ಕಟ್ಟಿರೋ ಆ ಬಟ್ಟೆ ಸ್ವಲ್ಪ ತೆಗೀತೀರಾ ಸಾರ್?" ಎಂದಳು ಮೊಗಾಮಿ.

ನಗಾಯೆ ತೊಶಿಮಿತ್ಸು ತೆಗೆಯಲಿಲ್ಲ. ಅಭ್ಯಾಸದ ರಂಗದ ಮರದ ನೆಲದ ಮೇಲೆ ಮಂಡಿಯೂರಿ ಕೂತಿದ್ದವನು ಅವಳಿಗೆ ಉತ್ತರ ಕೊಡದೆ ನನ್ನ ಮುಖ ನೋಡಿದ. ಟ್ರಾಫಿಕ್ ವಿಭಾಗದಿಂದ ನಮ್ಮ ಅಪರಾಧ ವಿಭಾಗಕ್ಕೆ ಬಂದು ಮೂರೇ ತಿಂಗಳಾದ ಹೆಣ್ಣುಮಗಳೊಬ್ಬಳು ತನ್ನನ್ನು ಪ್ರಶ್ನಿಸುವುದು ಅವನಿಗೆ ರುಚಿಸಿರಲಿಲ್ಲ.

"ಶೀತ ಆಗಿದೆ. ನಿಮಗೂ ಅಂಟೀತು," ಎಂದ.

"ಅಂಟಲಿ ಬಿಡಿ. ಒಂದು ವಾರ ರಜೆನಾದ್ರೂ ಸಿಗುತ್ತೆ. ಇಲ್ಲಿರೋ ನಮ್ಮ ಉಸುಯಿ ಸಾಹೇಬ್ರು ಸುಮ್ಮನೆ ಕೇಳಿದ್ರೆ ಕೊಡೋರಲ್ಲ."

ನಾನು ನಗಲಿಲ್ಲ. ಮೊಗಾಮಿ ತಮಾಷೆ ಮಾಡಿದಳೆಂದರೆ ಏನೋ ಕಂಡಿದ್ದಾಳೆ ಎಂದೇ ಅರ್ಥ.

ಮುಖವಾಡ ಕೆತ್ತುವ ಮುದುಕ ಇವಾಮಿ ಸೋಹೇಯಿಯನ್ನು ಅವನ ಕೆಲಸದ ಕೋಣೆಯಲ್ಲೇ ರೇಷ್ಮೆ ದಾರದಿಂದ ಕತ್ತು ಬಿಗಿದು ಕೊಂದು ಅವತ್ತಿಗೆ ಐದು ದಿನ. ಹಳೆ ಸಾಮಾನಿನ ವ್ಯಾಪಾರಿ ಕುರಾಚಿ ನಮ್ಮ ಲಾಕಪ್ಪಿನಲ್ಲಿದ್ದ. ಶುಕ್ರವಾರ ಮಧ್ಯಾಹ್ನ ಇವಾಮಿಯ ಬಾಗಿಲು ತಟ್ಟಿದ್ದು ಅವನೇ ಎಂದು ಎದುರು ಮನೆಯವಳು ಹೇಳಿದ್ದಳು. ನಮ್ಮ ಮೇಲಧಿಕಾರಿಗೆ ಅಷ್ಟು ಸಾಕಾಗಿತ್ತು. "ತಟ್ಟಿದೆ, ಯಾರೂ ತೆಗೀಲಿಲ್ಲ, ವಾಪಸ್ ಬಂದೆ" ಎಂಬ ಒಂದೇ ಮಾತನ್ನು ಕುರಾಚಿ ನಾಲ್ಕು ದಿನದಿಂದ ಹೇಳುತ್ತಿದ್ದ. ಅನ್ನ ಮುಟ್ಟುತ್ತಿರಲಿಲ್ಲ. ಆ ಬೆಳಿಗ್ಗೆ ಅವನನ್ನು ಎಬ್ಬಿಸಲು ಇಬ್ಬರು ಪೇದೆಗಳು ಬೇಕಾಗಿದ್ದರು.

ನಾವು ಈ ಮನೆಗೆ ಬಂದದ್ದು ಒಂದು ಸಹಿಗಾಗಿ ಮಾತ್ರ. ನಗಾಯೆ ಕನಜಾವಾದಲ್ಲಿ 'ನೋ' ಎಂಬ ಹಳೆಯ ಮುಖವಾಡ ನಾಟಕದ ಹೆಸರಾಂತ ನಟ. ಈ ಊರಿನಲ್ಲಿ ಅವನ ವಂಶದವರು ಹನ್ನೊಂದು ತಲೆಮಾರಿನಿಂದ ರಂಗದ ಮೇಲೆ ನಿಂತವರು. ಇವಾಮಿ ಕೊನೆಯದಾಗಿ ಕೈ ಹಾಕಿದ್ದು ಈ ಮನೆಯ ಮುಖವಾಡಕ್ಕೆ. ಮುನ್ನೂರು ವರ್ಷದ ಹಿಂದೆ ಯಾರೋ ಕೆತ್ತಿದ ತಾಯಿಯ ಮುಖ ಅದು. ಮಗುವನ್ನು ಕಳಕೊಂಡ ತಾಯಿಯದು. ಮನೆಯವರು ಅದಕ್ಕೆ 'ಶಿಮೊಯೊ' ಎಂದು ಹೆಸರಿಟ್ಟಿದ್ದರು, ಇಬ್ಬನಿ ಹೆಪ್ಪುಗಟ್ಟುವ ರಾತ್ರಿ ಎಂದು. ಅದರ ತದ್ರೂಪು ಮಾಡಿಕೊಡಲು ವಸಂತದಲ್ಲಿ ಇವಾಮಿಗೆ ಒಪ್ಪಿಸಿದ್ದರು. ಜೂನ್ ಐದರಂದು ಅಸಲು ಮನೆಗೆ ವಾಪಸು ಬಂತು, ಭಾನುವಾರದ ಪ್ರದರ್ಶನದಲ್ಲಿ ಅದನ್ನೇ ಹಾಕಿಕೊಂಡು ಕುಣಿದದ್ದು ಎಂದು ಮನೆಯವರ ಹೇಳಿಕೆ. ಇವಾಮಿಯ ಕೋಣೆಯಿಂದ ಕಾಣೆಯಾಗಿದ್ದು ತದ್ರೂಪು ಒಂದೇ.

ಆ ಹೇಳಿಕೆಗೆ ನಗಾಯೆಯ ಸಹಿ ಬೇಕಿತ್ತು. ಕಾಗದ ಅವನ ಮುಂದೆಯೇ ಇತ್ತು.

"ಬಟ್ಟೆ ತೆಗೀರಿ," ಎಂದೆ ನಾನು.

ಅವನು ಕಿವಿಯ ಹಿಂದಿನ ದಾರ ಬಿಡಿಸಿದ.

ಕೆಳತುಟಿಯ ಕೆಳಗೆ ಚರ್ಮ ಕೆಂಪಗೆ ಊದಿತ್ತು. ಸಾಸಿವೆ ಗಾತ್ರದ ನೀರು ತುಂಬಿದ ಬೊಬ್ಬೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ಕೆನ್ನೆಗಳ ಮೇಲೆ ಹತ್ತಿದ್ದವು. ಹಣೆಯ ಮೇಲೆ ಬಾಚಿ ಬಿಟ್ಟಿದ್ದ ಕೂದಲನ್ನು ಮೊಗಾಮಿ ಪೆನ್ಸಿಲಿನ ತುದಿಯಿಂದ ಸರಿಸಿದಳು. ಅಲ್ಲೂ ಅದೇ ಸಾಲು. ಅವನ ದೊಡ್ಡ ಮುಖದ ಮೇಲೆ ಇನ್ನೊಂದು ಚಿಕ್ಕ ಮುಖದ ಅಂಚನ್ನು ಯಾರೋ ಕೆಂಪಿನಲ್ಲಿ ಗೆರೆ ಎಳೆದಂತೆ ಕಾಣುತ್ತಿತ್ತು.

"ಬಂಗಡೆ ಮೀನು," ಎಂದ ನಗಾಯೆ. "ನಿನ್ನೆ ತಿಂದಿದ್ದು ಹಳಸಿತ್ತು ಅಂತ ಕಾಣುತ್ತೆ."

"ಬಂಗಡೆ ಹೀಗೆ ಗೆರೆ ಎಳೆದು ಕೂರಲ್ಲ ಸಾರ್," ಎಂದಳು ಮೊಗಾಮಿ. "ಹೊಟ್ಟೆ ಮೇಲೂ ಏಳುತ್ತೆ, ಬೆನ್ನ ಮೇಲೂ ಏಳುತ್ತೆ. ಅಂಗಿ ಬಿಚ್ಚಿ ತೋರಿಸ್ತೀರಾ? ಬೇಕಾದ್ರೆ ನಾನು ಆ ಕಡೆ ತಿರುಗ್ತೀನಿ."

ಅವನು ಅಂಗಿಯ ಎದೆಪಟ್ಟಿ ಎಳೆದು ಮುಚ್ಚಿಕೊಂಡ.

"ನಾನು ನೋತೊ ಕಡೆಯವಳು. ನಮ್ಮಮ್ಮ ಇಪ್ಪತ್ತು ವರ್ಷ ಬಟ್ಟಲಿಗೆ ಉರುಷಿ ಬಳಿದೋಳು, ಮರದ ಹಾಲಿನಿಂದ ಮಾಡೋ ಮೆರುಗೆಣ್ಣೆ. ಆ ಮರದ ಹಾಲು ಹಸಿಯಾಗಿದ್ದಾಗ ಮೈಗೆ ತಾಗಿದ್ರೆ ಒಂದು ದಿನ ಏನೂ ಗೊತ್ತಾಗಲ್ಲ. ಎರಡನೇ ದಿನ ತುರಿಕೆ. ಮೂರನೇ ದಿನ ಇದು." ಅವಳು ತನ್ನ ತೋಳು ಚಾಚಿದಳು, ಮಣಿಕಟ್ಟಿನ ಮೇಲೆ ಹಳೆಯ ಕಲೆಗಳಿದ್ದವು. "ಏಳು ವರ್ಷದೋಳಿದ್ದಾಗ ಒಣಗದೇ ಇರೋ ಬಟ್ಟಲು ಎತ್ತಿಕೊಂಡು ಆಡಿದ್ದೆ. ಕೆರೆದು ಕೆರೆದು ರಕ್ತ ಬಂದಿತ್ತು."

"ಎಲ್ಲಾ ನೋ ಮುಖವಾಡದ ಹಿಂಬದಿಗೂ ಉರುಷಿ ಬಳಿದಿರ್ತಾರೆ," ಎಂದ ನಗಾಯೆ. ದನಿ ಗಟ್ಟಿಯಾಗಿತ್ತು. "ಬೆವರು ತಾಗಿ ಮರ ಕೊಳೀಬಾರದು ಅಂತ. ಇದೇನು ಹೊಸ ವಿಷಯಾನಾ?"

"ಹೊಸ ಉರುಷಿ ಹೊಸ ವಿಷಯ," ಎಂದೆ ನಾನು. "ಮುನ್ನೂರು ವರ್ಷದ ಹಿಂದೆ ಬಳಿದದ್ದು ಯಾರನ್ನೂ ಸುಡಲ್ಲ ನಗಾಯೆಯವರೇ. ನಿಮ್ಮ ತಂದೆಯವರನ್ನ ಸುಡಲಿಲ್ಲ, ಅಜ್ಜನನ್ನ ಸುಡಲಿಲ್ಲ. ಭಾನುವಾರ ನೀವು ಮುಖಕ್ಕೆ ಕಟ್ಟಿಕೊಂಡಿದ್ದು ಶಿಮೊಯೊ ಅಲ್ಲ."

ಅಂಗಳದಲ್ಲಿ ಮಳೆ ನಿಂತು, ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನ ಕೈ ಬೀಸಣಿಗೆಯನ್ನು ಹುಡುಕಿ, ಸಿಕ್ಕ ಮೇಲೆ ಅದನ್ನು ಹಿಡಿಯದೆ ಸುಮ್ಮನಾಯಿತು.

ಮೊದಲ ದಿನವೇ ಇವಾಮಿಯ ಮಗಳು ಕಾಯೊ ನಮಗೆ ಹೇಳಿದ್ದು ನನ್ನ ಪುಸ್ತಕದಲ್ಲಿತ್ತು. ಮೂವತ್ತೆಂಟರ ಅವಿವಾಹಿತೆ. ಅಪ್ಪ ಕೆತ್ತಿದ ಮುಖಗಳ ಹಿಂಬದಿಗೆ ಉರುಷಿ ಬಳಿಯುವುದು ಅವಳ ಕೆಲಸ. ತದ್ರೂಪಿಗೆ ಕೊನೆಯ ಲೇಪ ಕೊಟ್ಟದ್ದು ಒಂಬತ್ತನೇ ತಾರೀಕು ಮಂಗಳವಾರ. ಆಮೇಲೆ ಅದನ್ನು ಒದ್ದೆ ಬಟ್ಟೆ ಹಾಸಿದ ಕಪಾಟಿನಲ್ಲಿಟ್ಟಿದ್ದಳು. ಉರುಷಿ ಒಣಗುವುದು ತೇವದಲ್ಲೇ. ಶುಕ್ರವಾರ ಹೊತ್ತಿಗೆ ಮುಟ್ಟಿದರೆ ಅಂಟುತ್ತಿರಲಿಲ್ಲ, ಆದರೆ ಒಳಗಿನ ಉರಿ ಇನ್ನೂ ಆರಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ತಾನು ತಕಾವೊಕಾದ ಚಿಕ್ಕಮ್ಮನ ಮನೆಗೆ ಹೊರಟಾಗ ಅದು ಕಪಾಟಿನಲ್ಲೇ ಇತ್ತು, ಶನಿವಾರ ಬೆಳಿಗ್ಗೆ ಬಂದು ಹೆಣ ನೋಡಿದಾಗ ಕಪಾಟು ಖಾಲಿ. ಅದು ಅವಳ ಹೇಳಿಕೆ.

"ಇವಾಮಿ ಸತ್ತದ್ದು ಶುಕ್ರವಾರ ಮೂರರಿಂದ ಐದರ ಒಳಗೆ," ಎಂದೆ. "ಅವತ್ತು ಆ ಕಪಾಟಿನಿಂದ ಹೊರಟ ಮುಖವಾಡ ಭಾನುವಾರ ನಿಮ್ಮ ಮುಖದ ಮೇಲಿತ್ತು. ನಡುವೆ ಅದನ್ನ ಹೊತ್ತವರು ಯಾರು?"

"ನನಗೆ ಗೊತ್ತಿಲ್ಲ."

"ಹಾಗಾದ್ರೆ ಕುರಾಚಿ ಹೊತ್ತ ಅನ್ನಿ. ನಿಮಗೆ ತಂದುಕೊಟ್ಟ ಅನ್ನಿ. ಆ ಮುದುಕ ಇನ್ನು ಎರಡು ದಿನ ಹೀಗೇ ಇದ್ರೆ ಸಾಯ್ತಾನೆ. ಸತ್ತವನ ಮೇಲೆ ಹೊರಿಸೋದು ಸುಲಭ."

"ಕುರಾಚಿ ಈ ಮನೆ ಮೆಟ್ಟಿಲು ಹತ್ತಿಲ್ಲ."

"ಮತ್ತೆ ಈ ಕಾಗದದಲ್ಲಿ ಇರೋದು?"

ಅವನು ಹೇಳಿಕೆಯನ್ನು ಬೆರಳಿನಿಂದ ಆಚೆ ತಳ್ಳಿದ. ಅವನ ಉಗುರಿನ ಕೆಳಗೂ ಕೆಂಪಾಗಿತ್ತು, ಕದ್ದು ಕೆರೆದುಕೊಂಡಿದ್ದ.

"ರಂಗಕ್ಕೆ ಹೋಗೋ ಮುಂಚೆ ಕನ್ನಡಿ ಕೋಣೆಯಲ್ಲಿ ಕೂರ್ತೀವಿ," ಎಂದ ನಿಧಾನವಾಗಿ. "ಮುಖವಾಡಕ್ಕೆ ನಮಸ್ಕಾರ ಮಾಡಿ ಕೈಗೆ ತಗೋತೀವಿ. ಎದುರಿನಿಂದ ನೋಡಿದಾಗ ನನಗೆ ಏನೂ ಗೊತ್ತಾಗಲಿಲ್ಲ. ಹುಬ್ಬಿನ ಮೇಲಿನ ಬಿರುಕು, ಕಿವಿ ಹತ್ರ ಹುಳ ಕೊರೆದ ಮೂರು ತೂತು, ಎಲ್ಲಾ ಇತ್ತು. ಇವಾಮಿ ಕೈ ಅಂದ್ರೆ ಅದು. ಮುಖಕ್ಕೆ ಇಟ್ಟುಕೊಂಡೆ. ಆಗ ಗೊತ್ತಾಯ್ತು."

"ಹೇಗೆ?"

"ವಾಸನೆ. ಶಿಮೊಯೊ ಒಳಗೆ ನಮ್ಮ ಮನೆ ಗಂಡಸರ ಬೆವರಿನ ವಾಸನೆ ಇರುತ್ತೆ. ನಮ್ಮಜ್ಜನ ಉಸಿರು ಇರುತ್ತೆ. ಹತ್ತೊಂಬತ್ತನೇ ವಯಸ್ಸಲ್ಲಿ ಮೊದಲ ಸಲ ಹಾಕಿದಾಗ ನನಗೆ ವಾಂತಿ ಬಂದಿತ್ತು. ಭಾನುವಾರ ಅದರೊಳಗೆ ಕಾಡಿನ ವಾಸನೆ ಇತ್ತು. ಹೊಸ ಮರದ್ದು."

"ಆದ್ರೂ ಕುಣಿದ್ರಿ."

"ತಮಟೆ ಶುರುವಾಗಿತ್ತು. ಪರದೆ ಎತ್ತಿದ್ರು. ಹೊರಗೆ ನಾನ್ನೂರು ಜನ."

"ಇವಾಮಿ ಸತ್ತಿದ್ದು ಆಗ ನಿಮಗೆ ಗೊತ್ತಿತ್ತು."

"ಶನಿವಾರ ಸಂಜೆನೇ ಗೊತ್ತಿತ್ತು." ಅವನು ಕಣ್ಣು ಮುಚ್ಚಿದ. "ಆ ಎರಡು ಸಣ್ಣ ತೂತಿನಿಂದ ಒಂದು ಕಂಬ ಬಿಟ್ರೆ ಬೇರೇನೂ ಕಾಣಲ್ಲ ಸಾಹೇಬ್ರೇ. ಎರಡು ದಿನದ ಹಿಂದೆ ಸತ್ತವನು ಮಾಡಿದ ಮುಖದೊಳಗೆ ನಿಂತು ಒಂದೂವರೆ ಗಂಟೆ ಆ ಕಂಬ ನೋಡ್ತಾ ಕುಣಿದೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಕುಣಿದಿರಲಿಲ್ಲ. ಎಲ್ಲಾ ಪತ್ರಿಕೆಲೂ ಹಾಗೇ ಬರೆದಿದ್ದಾರೆ. ಓದಿ."

"ಮುಖವಾಡದ ಪೆಟ್ಟಿಗೆ ಉಗ್ರಾಣದಿಂದ ತಂದವರು ಯಾರು?"

ಅವನು ಬಟ್ಟೆಯನ್ನು ಮತ್ತೆ ಬಾಯಿಗೆ ಕಟ್ಟಿಕೊಳ್ಳಲು ಹೋದ.

"ಉಗ್ರಾಣದ ಬೀಗದ ಕೈ ಯಾರ ಹತ್ರ ಇರುತ್ತೆ?"

"ನಾನೇ ಮಾಡಿದೆ ಅಂತ ಬರ್ಕೊಳ್ಳಿ," ಎಂದ ಥಟ್ಟನೆ. "ಶುಕ್ರವಾರ ಮಧ್ಯಾಹ್ನ ನಾನು ಮನೇಲಿರಲಿಲ್ಲ. ಅಸಾನೊ ನದಿ ದಂಡೆ ಮೇಲೆ ಪಾಠ ಹೇಳ್ಕೊಳ್ತಾ ಓಡಾಡ್ತಾ ಇದ್ದೆ. ನೋಡಿದವರು ಯಾರೂ ಇಲ್ಲ. ಬರ್ಕೊಳ್ಳಿ."

ಮೊಗಾಮಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಳು. "ಯಾರನ್ನ ಉಳಿಸೋಕೆ ಬರ್ಕೊಬೇಕು ಸಾರ್?"

ಆ ಮನೆಯಲ್ಲಿ ಉಳಿಸಬೇಕಾದವರು ಇನ್ನೊಬ್ಬರೇ ಇದ್ದರು. ನಾನು ಎದ್ದು ಒಳಗಿನ ಓಣಿಗೆ ಹೆಜ್ಜೆ ಇಟ್ಟೆ. ನಗಾಯೆ ಓಡಿ ಬಂದು ನನ್ನ ತೋಳು ಹಿಡಿದ. ನಲವತ್ತಾರು ವರ್ಷದ, ಊರೆಲ್ಲ ಗುರುಗಳೇ ಎಂದು ಕರೆಯುವ ಮನುಷ್ಯ.

"ಅಪ್ಪನ ಹತ್ರ ಹೋಗಬೇಡಿ. ದಮ್ಮಯ್ಯ. ಅವರಿಗೆ ಎಂಬತ್ತು ವರ್ಷ."

ಹಿರಿಯ ನಗಾಯೆ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಬಾಯಿ ಒಂದು ಕಡೆಗೆ ಜಾರಿತ್ತು, ಕಣ್ಣು ಮಾತ್ರ ಗಿಡುಗನದು. ಮುಂದೆ ಜವೆಗೋಧಿಯ ಚಹಾ ತಣ್ಣಗಾಗಿತ್ತು. ನಾವು ಹೇಳಿದ್ದನ್ನೆಲ್ಲ ಅವರು ಪಕ್ಕದ ಕೋಣೆಯಿಂದ ಕೇಳಿಸಿಕೊಂಡಿದ್ದರು. ಕಾಗದದ ಬಾಗಿಲ ಮನೆಯಲ್ಲಿ ಗುಟ್ಟು ಎಲ್ಲಿ ಉಳಿಯುತ್ತದೆ?

"ಅವನು ಸುಳ್ಳು ಹೇಳ್ತಿದಾನೆ," ಎಂದರು. ಮಾತು ತೊದಲಿದರೂ ಸ್ಪಷ್ಟವಿತ್ತು. "ಇವಾಮಿನ ಕೊಂದೋನು ನಾನು."

"ಅಪ್ಪಾ!"

"ನೀನು ಸುಮ್ನಿರು. ಶಿಮೊಯೊ ಕೊಡಲ್ಲ ಅಂದ. ದಾರ ಬಿಗಿದೆ. ಸತ್ತ. ಮುಗೀತು."

ನಾನು ನನ್ನ ಟೈ ಬಿಚ್ಚಿದೆ. ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಅವರ ಮುಂದೆ ಮಂಡಿಯೂರಿ, ಟೈಯನ್ನು ಅವರ ಎಡಗೈಯಲ್ಲಿಟ್ಟು, ನನ್ನ ಮಣಿಕಟ್ಟನ್ನು ಚಾಚಿದೆ.

"ಬಿಗೀರಿ."

ಅವರು ನನ್ನನ್ನೇ ನೋಡಿದರು.

"ಇವಾಮಿ ಕತ್ತಿಗೆ ದಾರ ಎರಡು ಸುತ್ತು ಸುತ್ತಿ ಹಿಂದೆ ಎಳೆದಿದ್ದಾರೆ. ಎರಡು ಕೈ ಬೇಕು. ನಿಮ್ಮ ಒಂದೇ ಕೈಯಲ್ಲಿ ನನ್ನ ಕೈ ಬಿಗಿದು ತೋರಿಸಿ ಸಾಕು."

ಹಿರಿಯರು ಟೈಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿದರು. ಇನ್ನೊಂದನ್ನು ನನ್ನ ಮಣಿಕಟ್ಟಿನ ಸುತ್ತ ತಂದರು. ಜಾರಿತು. ಮತ್ತೆ ತಂದರು. ಬಾಯಿಯ ಸತ್ತ ಬದಿಯಿಂದ ಎಂಜಲು ಇಳಿದು ಟೈ ಒದ್ದೆಯಾಯಿತು. ಮೂರನೆಯ ಸಲ ಅವರ ಕೈ ಸೋತು ಚಾಪೆಯ ಮೇಲೆ ಬಿತ್ತು. ಒಂದು ಕಾಲಕ್ಕೆ ರಾಜನಾಗಿ, ಯೋಧನಾಗಿ, ದೇವತೆಯಾಗಿ ರಂಗ ನಡುಗಿಸಿದ ಮನುಷ್ಯ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಬಾಗಿಲಲ್ಲಿ ಮಗ ಗೋಡೆ ಕಡೆ ತಿರುಗಿ ನಿಂತಿದ್ದ. ಅವನ ಭುಜ ಅಲ್ಲಾಡುತ್ತಿತ್ತು.

ಮೊಗಾಮಿ ಬಗ್ಗಿ ತನ್ನ ಕರ್ಚೀಫಿನಿಂದ ಮುದುಕನ ಗದ್ದ ಒರೆಸಿದಳು.

"ಅಜ್ಜಾ," ಎಂದಳು ಮೆಲ್ಲಗೆ. "ನೀವು ಮಗ ಮಾಡಿದ ಅಂದ್ಕೊಂಡಿದೀರ. ಮಗ ನೀವು ಮಾಡಿಸಿದ್ರಿ ಅಂದ್ಕೊಂಡಿದಾರೆ. ಐದು ದಿನದಿಂದ ಒಬ್ಬರ ಮುಖ ಒಬ್ಬರು ನೋಡಿಲ್ಲ, ಅಲ್ವಾ?"

ಹಿರಿಯರ ಕಣ್ಣು ಮಗನತ್ತ ತಿರುಗಿತು.

"ನೀನು ಅಲ್ವಾ?" ಎಂದು ಕೇಳಿದರು.

"ಅಲ್ಲಪ್ಪಾ. ನೀವು ಯಾರನ್ನಾದ್ರೂ ಕಳಿಸಿದ್ರಾ?"

"ಯಾರನ್ನ ಕಳಿಸಲಿ? ನನಗೆ ಯಾರಿದಾರೆ?"

ಆಮೇಲೆ ಮುದುಕರು ಹೇಳತೊಡಗಿದರು. ನಾನು ಬರೆದುಕೊಂಡೆ.

ಜೂನ್ ಐದರಂದು ಶಿಮೊಯೊ ವಾಪಸು ಬಂದಿರಲೇ ಇಲ್ಲ. ಇನ್ನೂ ಒಂದು ವಾರ ಬೇಕು ಎಂದು ಇವಾಮಿ ಹೇಳಿ ಕಳಿಸಿದ್ದ. ಶುಕ್ರವಾರ ಸಂಜೆ ಹಿತ್ತಲ ಬಾಗಿಲು ತಟ್ಟಿದ ಸದ್ದಾಯಿತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಿರಿಯರು ಗೋಡೆ ಹಿಡಿದುಕೊಂಡು ಹೋಗಿ ತೆರೆದರು. ನೇರಳೆ ಬಟ್ಟೆಯಲ್ಲಿ ಸುತ್ತಿದ ಗಂಟನ್ನು ಅವರ ಎಡಗೈಗೆ ಕೊಟ್ಟು, ಬಂದವರು ಒಂದೇ ಮಾತು ಹೇಳಿ ಹೊರಟುಹೋದರು.

"ಏನಂದ್ರು?"

"'ಇನ್ನೊಂದನ್ನ ಕೇಳಬೇಡಿ' ಅಂದ್ಲು."

"ಅಂದ್ಲು?"

"ಇವಾಮಿ ಮಗಳು. ಕಾಯೊ."

ಮೊಗಾಮಿಯ ಕೈ ಕರ್ಚೀಫಿನ ಜೊತೆ ಅಲ್ಲೇ ನಿಂತಿತು.

"ಎಷ್ಟು ಹೊತ್ತಿಗೆ?" ಎಂದೆ ನಾನು.

"ಐದೂವರೆ ಇರಬೇಕು. ಕೋಟೆ ಕಡೆಗೆ ಕಾಗೆ ವಾಪಸ್ ಹೋಗ್ತಾ ಇದ್ವು."

ಐದೂವರೆಗೆ ಅವಳ ಅಪ್ಪ ಸತ್ತು ಕನಿಷ್ಠ ಅರ್ಧ ಗಂಟೆಯಾಗಿತ್ತು. ಅವಳು ಆ ಹೊತ್ತಿಗೆ ತಕಾವೊಕಾದಲ್ಲಿರಬೇಕಿತ್ತು. ಚಿಕ್ಕಮ್ಮ ಫೋನಿನಲ್ಲಿ ಹೌದು ಎಂದಿದ್ದಳು, ನಾವು ನಂಬಿ ಟಿಕ್ ಹಾಕಿದ್ದೆವು.

"ಅವಳು ಹೇಗಿದ್ಲು? ಅಳ್ತಿದ್ಲಾ? ಬಟ್ಟೆ ಮೇಲೆ ಏನಾದ್ರೂ?"

"ಅಳ್ತಿರಲಿಲ್ಲ. ಕಾಲಲ್ಲಿ ಚಪ್ಪಲಿ ಇರಲಿಲ್ಲ."

"ಇದನ್ನ ಶನಿವಾರವೇ ಯಾಕೆ ಹೇಳಲಿಲ್ಲ?"

ಹಿರಿಯರ ಬಾಯಿ ಇನ್ನಷ್ಟು ಜಾರಿತು. "ಗಂಟು ಬಿಚ್ಚಿದೆ. ಅಸಲು ಅಲ್ಲ ಅಂತ ಕೈಗೆ ಗೊತ್ತಾಯ್ತು. ಶಿಮೊಯೊ ಹೋಯ್ತು ಅಂತ ಹೊರಗೆ ಗೊತ್ತಾದ್ರೆ ಈ ಮನೆ ಇರಲ್ಲ. ಅದಕ್ಕೇ ಇದನ್ನೇ ಅದರ ಪೆಟ್ಟಿಗೆಯಲ್ಲಿಟ್ಟೆ. ಮಾರನೇ ದಿನ ಇವಾಮಿ ಸತ್ತ ಸುದ್ದಿ ಬಂತು. ಇವನು ಆ ಮಧ್ಯಾಹ್ನ ಎಲ್ಲೋ ಹೋಗಿದ್ದ... ನಾನು ಏನಂತ ತಿಳ್ಕೊಬೇಕಿತ್ತು?" ಅವರು ಎಡಗೈಯನ್ನು ಎತ್ತಿ ಅಂಗೈ ತೋರಿಸಿದರು. ಬೆರಳ ಸಂದುಗಳಲ್ಲಿ ಅವೇ ನೀರು ಬೊಬ್ಬೆಗಳು. "ಇದನ್ನ ಮಗನಿಗೆ ಕಾಣದ ಹಾಗೆ ಬಚ್ಚಿಟ್ಟುಕೊಂಡೇ ಕೂತಿದ್ದೆ."

ಫೋನು ಓಣಿಯ ಕೊನೆಯಲ್ಲಿತ್ತು. ಗಡಿಯಾರ ಎರಡೂ ಇಪ್ಪತ್ತು ತೋರಿಸುತ್ತಿತ್ತು. ಕಾಯೊ ಎಲ್ಲಿದ್ದಾಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳ ತಂದೆಯ ಶವ ಬಿಟ್ಟುಕೊಡುವ ಕಾಗದಕ್ಕೆ ಬೆಳಿಗ್ಗೆ ನಾನೇ ಸಹಿ ಹಾಕಿದ್ದೆ. ದಹನ ಮಧ್ಯಾಹ್ನ ಒಂದು ಗಂಟೆಗಿತ್ತು. ಊರಾಚೆಯ ಸುಡುಗಾಡಿನ ನಂಬರು ತಿರುಗಿಸಿದೆ. ಎತ್ತಿಕೊಂಡವನು ಅಲ್ಲಿನ ಒಲೆ ನೋಡಿಕೊಳ್ಳುವ ಮುದುಕ.

"ಇವಾಮಿ ಮನೆಯವರಾ?" ಎಂದ ಆತುರದಿಂದ. "ಎಲ್ಲಿದೀರಪ್ಪಾ? ಒಲೆ ತೆಗೆದು ಆಯ್ತು. ಮೂಳೆ ಆರಿಸೋಕೆ ಯಾರೂ ಇಲ್ಲ. ತಟ್ಟೆ, ಕಡ್ಡಿ, ಮಡಕೆ ಎಲ್ಲಾ ಇಟ್ಕೊಂಡು ಒಬ್ನೇ ನಿಂತಿದೀನಿ."

"ಪೊಲೀಸು. ಉಸುಯಿ. ಮಗಳು ಎಲ್ಲಿ?"

"ಓ, ನೀವೇನಾ?" ದನಿ ತಗ್ಗಿತು. "ನೀವು ಫೋನ್ ಮಾಡ್ತೀರಿ ಅಂತ ಆಯಮ್ಮ ಹೇಳಿದ್ರು."

ನನ್ನ ಬೆನ್ನ ಹಿಂದೆ ಮೊಗಾಮಿ ಬಂದು ನಿಂತಳು. ರಿಸೀವರನ್ನು ಇಬ್ಬರ ಕಿವಿಗೂ ಕೇಳುವಂತೆ ಓರೆ ಹಿಡಿದೆ.

"ಏನೇನು ಹೇಳಿದ್ರು? ಮೊದಲಿಂದ ಹೇಳಿ."

"ಒಲೆಗೆ ಹಾಕೋ ಮುಂಚೆ ಕೊನೇ ಸಲ ಮುಖ ನೋಡ್ತೀನಿ ಅಂದ್ರು. ಪೆಟ್ಟಿಗೆ ಮುಚ್ಚಳ ತೆಗೆದೆ. ಕಿಮೊನೊ ತೋಳಿನೊಳಗಿಂದ ಒಂದು ಮುಖವಾಡ ತೆಗೆದ್ರು ಸಾರ್. ಹೆಂಗಸಿನ ಮುಖದ್ದು. ಬಹಳ ಹಳೇದು, ಒಳಗೆಲ್ಲ ಕಪ್ಪಾಗಿ ಹೋಗಿತ್ತು. ಅದನ್ನ ಅಪ್ಪನ ಮುಖದ ಮೇಲೆ ಇಟ್ರು. ಮರದ್ದು ತಾನೇ, ಸುಟ್ಟರೆ ತೊಂದ್ರೆ ಇಲ್ಲ ಅಂತ ನಾನೂ ಸುಮ್ನಾದೆ. ತಪ್ಪಾಯ್ತಾ ಸಾರ್?"

ಮುನ್ನೂರು ವರ್ಷ. ನಾನು ಹಿಂದೆ ನೋಡಿದೆ. ಓಣಿಯ ಆ ತುದಿಯಲ್ಲಿ ನಗಾಯೆ ಮುಖದ ಬೊಬ್ಬೆಗಳನ್ನು ಮರೆತು ನಿಂತಿದ್ದ. ಅವನಿಗೆ ಕೇಳಿಸಿತ್ತೋ ಇಲ್ಲವೋ.

"ಆಮೇಲೆ?"

"ಒಲೆ ಬಾಗಿಲು ಹಾಕೋವರೆಗೂ ನಿಂತಿದ್ರು. ಉರಿ ಹತ್ತಿದ ಮೇಲೆ ನನಗೆ ತಲೆ ಬಾಗಿಸಿ, 'ಉಸುಯಿ ಅನ್ನೋರು ಕೇಳಿದ್ರೆ ಕುರಾಚಿನ ಬಿಡೋಕೆ ಹೇಳಿ. ಅವರು ಬಾಗಿಲು ತಟ್ಟಿದಾಗ ನಾನು ಒಳಗೇ ಇದ್ದೆ. ಕೊಂದವರೂ ಒಳಗೇ ಇದ್ರು. ನನ್ನ ಬಾಯಿ ಮುಚ್ಚಿ ಹಿಡಿದಿದ್ರು' ಅಂದ್ರು."

ಮೊಗಾಮಿ ಕಿವಿಯಿಂದ ಪೆನ್ಸಿಲು ತೆಗೆದಳು.

"ಯಾರು? ಹೆಸರು ಹೇಳಿದ್ರಾ?"

"ಇಲ್ಲ ಸಾರ್. ನಾನೂ ಕೇಳಿದೆ. 'ಈಗ ಅವರ ಮನೆಗೇ ಹೊರಟಿದೀನಿ. ಅಪ್ಪನ ಮೂಳೆ ಆರಿಸೋಕೆ ವಾಪಸ್ ಬಂದ್ರೆ ಬಂದೆ, ಇಲ್ದಿದ್ರೆ ಇಲ್ಲ' ಅಂತ ಹೇಳಿ ಟ್ಯಾಕ್ಸಿ ಹತ್ತಿದ್ರು. ಹೋಗಿ ಒಂದು ಗಂಟೆ ಮೇಲಾಯ್ತು."

ಸುಡುಗಾಡಿನಿಂದ ಈ ಮನೆಗೆ ಟ್ಯಾಕ್ಸಿಯಲ್ಲಿ ಹೆಚ್ಚೆಂದರೆ ಇಪ್ಪತ್ತು ನಿಮಿಷ. ಕೊಂದವರ ಮನೆ ಇದೇ ಆಗಿದ್ದರೆ ಅವಳು ಯಾವಾಗಲೋ ಬಂದಿರಬೇಕಿತ್ತು.

ಬಂದಿರಲಿಲ್ಲ.